ಅಣಬೆ ಬುಡ ನೋಡದೆ ಕೀಳ್ಬೇಡಿ
ಮಳೆ ಬಿದ್ದಿದ್ದೇ ತಡ ಎಲ್ರ ಸ್ಟೇಟಸ್ಸಲ್ಲೂ ಕಾಡಣಬೆ ಫೋಟೋ, ನೋಡೋಕೆ ಖುಷಿ ಆದ್ರೆ ಭಯಾನೂ ಆಗತ್ತೆ ಯಾಕಂದ್ರೆ ಎಷ್ಟೋ ಜನ ಮೇಲಿನ ಕೊಡೆ ಮಾತ್ರ ನೋಡಿ ಇದು ತಿನ್ನೋದೇ ಅಂತಾರೆ. ಡೆತ್ ಕ್ಯಾಪ್‌ ಅನ್ನೋ ವಿಷದ ಅಣಬೆಯ ಮುಖ್ಯ ಗುರುತು ಇರೋದು ಬುಡದಲ್ಲಿ, ಮಣ್ಣೊಳಗೆ ಒಡೆದ ಮೊಟ್ಟೆ ಸಿಪ್ಪೆ ಥರ ಒಂದು ಬಿಳಿ ಚೀಲ, ಮೇಲಿಂದ ಚಾಕು ಹಾಕಿ ಕುಯ್ದ್ರೆ ಅದು ಅಲ್ಲೇ ಉಳಿದ್ಬಿಡತ್ತೆ. ಬೆಳ್ಳಿ ಚಮಚ ಕಪ್ಪಾಗ್ಲಿಲ್ಲ, ಹುಳ ತಿಂದಿದೆ, ಇದ್ಯಾವ್ದೂ ಪರೀಕ್ಷೆನೇ ಅಲ್ಲ. ಬೇಯಿಸಿದ್ರೂ ಆ ವಿಷ ಹೋಗಲ್ಲ. ನಂಗೆ ಜಾಸ್ತಿ ಹೆದರಿಕೆ ಅದು ತಗೊಳ್ಳೋ ಟೈಮಿಂದು: ವಾಂತಿ ಭೇದಿ ಶುರುವಾಗೋಕೇ ಸಾಮಾನ್ಯವಾಗಿ 6ರಿಂದ 12 ಗಂಟೆ, ಆಮೇಲೆ ಹುಷಾರಾದಂಗೆ ಅನ್ಸತ್ತೆ, ಆದ್ರೆ ಒಳಗೆ ಲಿವರ್ ಹಾಳಾಗ್ತಿರತ್ತೆ. ಡೌಟ್ ಬಂದ್ರೆ ಕಾಯ್ಬೇಡಿ, ಉಳಿದ ಅಣಬೆ ಚೂರು ತಗೊಂಡು ಸೀದಾ ಆಸ್ಪತ್ರೆಗೆ ಹೋಗಿ.