ಸೂ ಫಾಲ್ಸ್‌ನಿಂದ ವಾಲ್: ಅಮೆರಿಕದ ಐ-90 ಹೆದ್ದಾರಿಯಲ್ಲಿ 286 ಮೈಲಿ, ಆರ್‌ವಿ ಪ್ರಯಾಣದ ಟಿಪ್ಪಣಿ

ಗಾಡಿ: ಫೋರ್ಡ್ ಇ-450 ಚಾಸಿಸ್‌ನ ಕ್ಲಾಸ್ ಸಿ ಆರ್‌ವಿ (ವ್ಯಾನಿನ ಚಾಸಿಸ್ ಮೇಲೆ ಕಟ್ಟಿದ ಮನೆಗಾಡಿ), 55 ಗ್ಯಾಲನ್ ಟ್ಯಾಂಕ್, ಹಿಂದೆ ಒಂದೊಂದು ಬದಿಗೂ ಜೋಡಿ ಗಾಲಿ. ಸೌತ್ ಡಕೋಟಾದಲ್ಲಿ ಮೈಲಿ ಲೆಕ್ಕ ವಯೋಮಿಂಗ್ ಗಡಿಯಿಂದ ಶುರು. ಪಶ್ಚಿಮಕ್ಕೆ ಹೋದಂತೆ ಅಂಕಿ ಇಳಿಯುತ್ತದೆ: 396ರಲ್ಲಿ ಹೊರಟು 110ರಲ್ಲಿ ಮುಗಿಸುವುದು. ಎಲ್ಲ ಸಮಯವೂ ರಾಜ್ಯದ ಪೂರ್ವಭಾಗದ ಸೆಂಟ್ರಲ್ ಟೈಮ್.

ಬೆಳಿಗ್ಗೆ 5:30. ಟೈರ್ ತಣ್ಣಗಿರುವಾಗಲೇ ಪ್ರೆಷರ್ ನೋಡಿದ್ದು. ಎಡಹಿಂದಿನ ಒಳಗಾಲಿ 68 ಪಿಎಸ್‌ಐ, ಪಕ್ಕದ್ದು 80. ಸೋಪುನೀರು ಹಾಕಿದರೆ ಗುಳ್ಳೆ ಎದ್ದದ್ದು ವಾಲ್ವ್‌ಗೆ ಜೋಡಿಸಿದ ಉದ್ದನೆ ಕೊಳವೆಯ ಬುಡದಲ್ಲಿ. ಜೋಡಿಗಾಲಿಯ ಮಾಮೂಲಿ ಕಾಯಿಲೆ ಇದು. ಒಳಗಿನದು ಮೆತ್ತಗಾದರೆ ಭಾರವೆಲ್ಲ ಹೊರಗಿನದರ ಮೇಲೆ ಬಿದ್ದು, ಅದು ಕಾದು ಸಿಡಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬಿಗಿಮಾಡಿ 80ಕ್ಕೆ ತುಂಬಿಸಿದ್ದು. ಓಡಿದ ಮೇಲೆ ಪ್ರೆಷರ್ ಹತ್ತು-ಹನ್ನೆರಡು ಏರುವುದು ಸಹಜ. ಆಗ ಗಾಳಿ ಬಿಡಬಾರದು.

8:30, ಚೇಂಬರ್ಲೇನ್, ಮೈಲಿ 263. 133 ಮೈಲಿಗೆ 15.1 ಗ್ಯಾಲನ್, ಅಂದರೆ ಗ್ಯಾಲನ್ನಿಗೆ 8.8 ಮೈಲಿ. ವೇಗದ ಮಿತಿ ಗಂಟೆಗೆ 80 ಮೈಲಿ ಇದ್ದರೂ ಇಲ್ಲಿಯವರೆಗೆ 62 ದಾಟಿಸಿಲ್ಲ. ಮಿಸೌರಿ ನದಿಗೆ ಇಳಿಯುವಾಗ ಟೋ/ಹಾಲ್ ಗುಂಡಿ (ಭಾರ ಎಳೆಯುವಾಗಿನ ಗೇರ್ ವ್ಯವಸ್ಥೆ) ಒತ್ತಿಟ್ಟರೆ ಗೇರ್ ತಾನೇ ಇಳಿದು ಬ್ರೇಕ್ ಉಳಿಯುತ್ತದೆ. ಆಚೆ ದಡದ ಏರಿನಲ್ಲಿ ಎಂಜಿನ್ ಕಿರುಚುತ್ತದೆ, ಕಿರುಚಲಿ.

ನದಿ ದಾಟಿದ ಮೇಲೆ ಹೊಲಗಳು ಕಡಿಮೆಯಾಗಿ ಬರೀ ಹುಲ್ಲು. ನೆಲ ಕಾದಂತೆ ಮೇಲಿನ ಗಾಳಿ ಕೆಳಗಿಳಿಯುತ್ತದೆ; 10ರ ಹೊತ್ತಿಗೆ ದಕ್ಷಿಣದ ಅಡ್ಡಗಾಳಿ ಗಂಟೆಗೆ 25 ಮೈಲಿ. ಸ್ಟಿಯರಿಂಗನ್ನು ಸದಾ ಸ್ವಲ್ಪ ಎಡಕ್ಕೆ ಹಿಡಿದೇ ಓಡಿಸಬೇಕು. ಲಾರಿಯೊಂದು ಎಡದಿಂದ ಹಿಂದಿಕ್ಕುವಾಗ ಮೊದಲು ಅದರ ಮೂತಿಯ ಗಾಳಿ ಬಲಕ್ಕೆ ತಳ್ಳುತ್ತದೆ. ಮರುಕ್ಷಣ ಅದೇ ಲಾರಿ ಅಡ್ಡಗಾಳಿಗೆ ಮರೆಯಾಗುತ್ತದೆ. ಎಡಕ್ಕೆ ಹಿಡಿದಿದ್ದ ಗಾಡಿ ನೇರ ಲಾರಿಯ ಕಡೆಗೇ ಜಿಗಿಯುತ್ತದೆ. ತಳ್ಳಿದ ಕ್ಷಣವೇ ಗಾಬರಿಯಿಂದ ಇನ್ನಷ್ಟು ಎಡಕ್ಕೆ ತಿರುಗಿಸುವುದೇ ಎಲ್ಲರೂ ಮಾಡುವ ತಪ್ಪು. ಕನ್ನಡಿಯಲ್ಲಿ ಲಾರಿ ಕಂಡಾಗಲೇ ವೇಗ ಐದು ಮೈಲಿ ಇಳಿಸಿ, ಕೈ ಸಡಿಲವಾಗಿಟ್ಟು ಕಾಯಬೇಕು.

ಮುರ್ಡೋ, ಮೈಲಿ 192. ಗಾಳಿ ಪಶ್ಚಿಮಕ್ಕೆ ತಿರುಗಿ ನೇರ ಎದುರಾಯಿತು. 65ರ ಓಟಕ್ಕೆ 25ರ ಎದುರುಗಾಳಿ ಸೇರಿದರೆ ಗಾಡಿಗೆ ತಟ್ಟುವುದು 90. ಗಾಳಿಯ ತಡೆ ವೇಗದ ವರ್ಗದಂತೆ ಏರುವುದರಿಂದ ಅದು ಗಾಳಿಯಿಲ್ಲದ 65ರ ಓಟಕ್ಕಿಂತ 1.9 ಪಟ್ಟು. 58ಕ್ಕೆ ಇಳಿಸಿದರೆ 1.6. ಕಳೆದುಕೊಳ್ಳುವುದು ಗಂಟೆಗೆ ಏಳು ಮೈಲಿಯಷ್ಟೇ.

11:40, ಕಡೋಕಾ, ಮೈಲಿ 150. 113 ಮೈಲಿಗೆ 17.7 ಗ್ಯಾಲನ್: ಗ್ಯಾಲನ್ನಿಗೆ 6.4 ಮೈಲಿ. ಅರ್ಧ ಟ್ಯಾಂಕಿಗೇ ಬಂಕ್ ಹುಡುಕುವ ನಿಯಮ ಇದಕ್ಕೇ. ಅದೇ ಟ್ಯಾಂಕಿನಿಂದ ಎಳೆಯುವ ಜನರೇಟರಿನ ಕೊಳವೆಯೂ ಕಾಲು ಟ್ಯಾಂಕಿನ ಕೆಳಗೆ ಎಳೆಯುವುದಿಲ್ಲ. ರಾಜ್ಯದ ಪಶ್ಚಿಮ ಭಾಗದ ಹಲವು ಬಂಕ್‌ಗಳಲ್ಲಿ ಅಗ್ಗದ ಪೆಟ್ರೋಲ್ 85 ಆಕ್ಟೇನ್. ಎಂಜಿನ್ ಕೇಳುವುದು 87. ಹಳದಿ ಹಿಡಿಯ ಇ85 ಬೇರೆಯದೇ ವಸ್ತು, ಬಹುಪಾಲು ಎಥನಾಲ್. ಆತುರದಲ್ಲಿ ಎರಡನ್ನೂ ಒಂದೇ ಅಂದುಕೊಳ್ಳುವವರಿದ್ದಾರೆ.

ಗಾಳಿಯ ಬೀಸು ಗಂಟೆಗೆ 45 ಮೈಲಿ ಮುಟ್ಟಿದ್ದರಿಂದ ಅಲ್ಲೇ ತಂಗಿದ್ದು, ಮೂತಿ ಗಾಳಿಗೆ ಎದುರಾಗಿ. ಸ್ಲೈಡ್ (ನಿಲ್ಲಿಸಿದಾಗ ಹೊರಗೆ ಚಾಚುವ ಕೋಣೆಯ ಭಾಗ) ಹೊರಗೆಳೆದಿಲ್ಲ: ಅದರ ಮೇಲಿನ ಬಟ್ಟೆ ಪಟಪಟ ಹೊಡೆದು ಹರಿಯುತ್ತದೆ. ಪಕ್ಕದ ಜಾಲರಿಗೆ ಗಾಳಿ ನೇರ ಬಡಿದರೆ ಪ್ರೊಪೇನ್ ಫ್ರಿಜ್‌ನ ಜ್ವಾಲೆಯೂ ಆರುತ್ತದೆ.

ಸಂಜೆ 8ಕ್ಕೆ ಮತ್ತೆ ಹೊರಟು 8:45ಕ್ಕೆ ವಾಲ್. ಅಲ್ಲಿನ ಮೌಂಟನ್ ಟೈಮ್ 7:45. ಉದ್ದಕ್ಕೂ ಬಿಸಿಲು ಕಣ್ಣಿಗೇ. ದಕ್ಷಿಣದ ಬಫಲೋ ಗ್ಯಾಪ್ ಹುಲ್ಲುಗಾವಲಿನ ಮಣ್ಣು ಒಣಗಿದ್ದರೆ ಸಿಮೆಂಟ್, ನೆನೆದರೆ ನಮ್ಮ ಗದಗದ ಎರೆನೆಲದಂತೆ ಗಾಲಿಗೆ ಮೆತ್ತಿ ಜಾರುತ್ತದೆ. ತಲುಪಿದಾಗ ಮೋಡವಿತ್ತು. ಹಾಗಾಗಿ ಜಲ್ಲಿ ರಸ್ತೆ ಮುಗಿಯುವಲ್ಲೇ, ಮೂತಿ ರಸ್ತೆಯ ಕಡೆಗೆ ಮಾಡಿ ನಿಲ್ಲಿಸಿದ್ದು. ಒಳಗಾಲಿ: 86 ಪಿಎಸ್‌ಐ, ಇನ್ನೂ ಬೆಚ್ಚಗೆ.