ಐದನೇ ವಾಲ್ವಿನ ಲೆಕ್ಕ

ಶನಿವಾರ ಬೆಳಗ್ಗೆ ಜೆ.ಸಿ. ರಸ್ತೆ ಹಿಂದಿನ ಗ್ಯಾರೇಜಿಗೆ ಬಂದದ್ದು 1489 ಸಿಸಿಯ ಹಳೇ ಪೆಟ್ರೋಲ್ ಅಂಬಾಸಿಡರ್. "ಸಾರ್, 1.5 ರೇಷಿಯೋ ರಾಕರ್ ಹಾಕಿದ್ರೆ ಪಿಕಪ್ ಬರುತ್ತಂತೆ, ಹೌದಾ?" ಅಂತ ಓನರ್ ಕೇಳಿದರು. ಬರಬಹುದು. ಈಗಿರುವ ರಾಕರ್ ಎಷ್ಟು ಒತ್ತುತ್ತಿದೆ ಅಂತ ಮೊದಲು ನೋಡಬೇಕಲ್ಲ.

ರಾಕರ್ ಅಂದರೆ ಶಾಫ್ಟಿನ ಮೇಲೆ ತೂಗುವ ಏತವೇ: ಪುಶ್‌ರಾಡ್ ಅನ್ನೋ ಕಡ್ಡಿ ಒಂದು ತುದಿಯನ್ನು ಮೇಲಕ್ಕೆ ತಳ್ಳಿದರೆ ಇನ್ನೊಂದು ತುದಿ ವಾಲ್ವನ್ನು ಒತ್ತಿ ತೆರೆಯುತ್ತದೆ. ಶಾಫ್ಟಿನ ನಡುವಿನಿಂದ ವಾಲ್ವ್ ತುದಿಗಿರುವ ದೂರವನ್ನು ಪುಶ್‌ರಾಡಿಗಿರುವ ದೂರದಿಂದ ಭಾಗಿಸಿದರೆ ರೇಷಿಯೋ. ಡಯಲ್ ಗೇಜ್ ಇಟ್ಟು ಕ್ರ್ಯಾಂಕ್ ತಿರುಗಿಸಿದಾಗ ಪುಶ್‌ರಾಡ್ 5.6 ಮಿ.ಮೀ. ಏರಿತು. ಇದರ ರೇಷಿಯೋ ಸುಮಾರು 1.4; ಗುಣಿಸಿದರೆ 7.84. ಟ್ಯಾಪೆಟ್ ಗ್ಯಾಪ್, ಅಂದರೆ ರಾಕರಿಗೂ ವಾಲ್ವ್ ತುದಿಗೂ ನಡುವೆ ಬಿಡುವ ಸಂದು, 0.38 ಕಳೆದರೆ ವಾಲ್ವ್ ತೆರೆಯಬೇಕಾದದ್ದು 7.46. ಏಳು ವಾಲ್ವುಗಳು ಅದರ ಆಸುಪಾಸಿನಲ್ಲೇ ಇದ್ದವು. ಐದನೆಯದು, ಅಂದರೆ ಮೂರನೇ ಸಿಲಿಂಡರಿನ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್, ಬರೀ 7.05.

ಗ್ಯಾಪ್ ತಪ್ಪಿರಬೇಕು ಅಂದುಕೊಂಡರೆ ಅದೂ ಸರಿ ಇದೆ. ನಾಲ್ಕನೆಯದು ಪೂರ್ತಿ ತೆರೆದಾಗ ಐದನೆಯದನ್ನು ನೋಡಬೇಕು, ಎರಡರ ನಂಬರ್ ಕೂಡಿದರೆ ಒಂಬತ್ತು ಬರಬೇಕು ಅನ್ನೋದೇ ಲೆಕ್ಕ. ಸಂದು ಅಳೆಯುವ ಫೀಲರ್ ಗೇಜಿನ 0.38ರ ತೆಳು ಪಟ್ಟಿ ಬಿಗಿಯಾಗೇ ಹೋಯಿತು. ಕಳ್ಳ ಇದ್ದದ್ದು ರಾಕರಿನ ಪ್ಯಾಡಿನಲ್ಲಿ, ಅಂದರೆ ವಾಲ್ವನ್ನು ಒತ್ತುವ ಮುಖದಲ್ಲಿ. ವಾಲ್ವ್ ತುದಿ ಉಜ್ಜಿ ಉಜ್ಜಿ ಅಲ್ಲೊಂದು ಗುಳಿ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ಪಟ್ಟಿ ಗುಳಿಯ ಅಂಚುಗಳ ಮೇಲೆ ಕೂರುವುದರಿಂದ ಒಳಗಿನ 0.4 ಅದರ ಲೆಕ್ಕಕ್ಕೇ ಬರುವುದಿಲ್ಲ. ಎಂಜಿನ್ನಿನ ಟಕಟಕ ಸದ್ದೂ ಈ ಗುಳಿಯದೇ. 1.5ರ ರಾಕರ್ ಹೆಚ್ಚಿಗೆ ಕೊಡುವುದು 0.56, ಅದರ ಮುಕ್ಕಾಲು ಪಾಲಿನಷ್ಟನ್ನು ಈ ಗುಳಿಯೇ ತಿಂದು ಕೂತಿತ್ತು!

ಬಿಚ್ಚುವಾಗ ಅವಸರ ಬೇಡ. ಈ ಎಂಜಿನ್ನಿನಲ್ಲಿ ರಾಕರ್ ಸೆಟ್ಟಿನ ನಾಲ್ಕು ದೊಡ್ಡ ನಟ್ಟುಗಳೇ ಹೆಡ್ಡನ್ನೂ, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳವನ್ನೂ, ಹಿಡಿದಿರುತ್ತವೆ. ಮೊದಲು ರೇಡಿಯೇಟರ್ ನೀರು ಇಳಿಸಿ, ಹೆಡ್ಡಿನ ಎಲ್ಲ ನಟ್ಟುಗಳನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ನಾಲ್ಕನ್ನಷ್ಟೇ ಬಿಚ್ಚಿದರೆ ಹೆಡ್ ಸೊಟ್ಟಗಾಗಬಹುದು, ನೀರು ಗ್ಯಾಸ್ಕೆಟ್ ದಾಟಿ ಸಿಲಿಂಡರಿಗೆ ಇಳಿಯಬಹುದು. ಪ್ಯಾಡನ್ನು ಗ್ರೈಂಡ್ ಮಾಡಿಸಬಹುದು, ಆದರೆ ಗುಳಿ ಇಷ್ಟು ಆಳವಿದ್ದರೆ ಗಟ್ಟಿ ಪದರವೇ ಹೋಗುತ್ತದೆ. ಹೊಸ ರಾಕರ್ ಹಾಕಿದ್ದೇ ವಾಸಿ. ಹಾಕಿ ತಿರುಗಿಸಿದಾಗ ಐದನೆಯದೂ 7.45 ತೋರಿಸಿತು.

1.5 ರೇಷಿಯೋ ರಾಕರೇ ಬೇಕೆಂದರೆ, ವಾಲ್ವ್ ಪೂರ್ತಿ ತೆರೆದಾಗ ಅದರ ಸ್ಪ್ರಿಂಗಿನ ಸುರುಳಿಗಳ ನಡುವೆ ಒಟ್ಟು 1.5 ಮಿ.ಮೀ. ಉಳಿಯಬೇಕು. ಪಿಸ್ಟನ್ ಮೇಲೆ ಮಕ್ಕಳ ಆಟದ ಕ್ಲೇ ಒತ್ತಿ, ಎಂಜಿನ್ ಎರಡು ಸುತ್ತು ಕೈಯಲ್ಲಿ ತಿರುಗಿಸಿ, ಕ್ಲೇ ಕೊಯ್ದು ಅಳೆಯಬೇಕು: ವಾಲ್ವ್ ಒತ್ತಿದ ಕಡೆ ಕ್ಲೇ ದಪ್ಪ ಇನ್ಲೆಟ್ಟಿಗೆ 2, ಎಕ್ಸಾಸ್ಟಿಗೆ 2.5 ಮಿ.ಮೀ. ಇದ್ದರೆ ವಾಲ್ವ್ ಪಿಸ್ಟನ್ನಿಗೆ ಬಡಿಯುವ ಭಯವಿಲ್ಲ. ಈ ರಾಕರಿನಲ್ಲಿ ಪುಶ್‌ರಾಡ್ ಶಾಫ್ಟಿನ ಕಡೆಗೆ ಸರಿಯುವುದರಿಂದ ಅದು ಹೆಡ್ಡಿನ ತೂತಿಗೆ ಉಜ್ಜದಂತೆ ನೋಡಿಕೊಳ್ಳಿ.

ಓನರ್ ಸದ್ಯಕ್ಕೆ ಒಂದು ರಾಕರಿಗೇ ಒಪ್ಪಿದರು. 500 ಕಿ.ಮೀ. ಓಡಿಸಿ ಬಂದಮೇಲೆ ಹೆಡ್ ನಟ್ಟುಗಳ ಟಾರ್ಕ್ (ಬಿಗಿ) ನೋಡಿ, ಎಂಟೂ ಗ್ಯಾಪ್ ಮತ್ತೆ ಹಿಡಿಯಬೇಕು.