ಟಾಯ್ಲೆಟ್ ಬಾಗಿಲಿನ ಚೀಟಿ

ನಮಗೆ ಮಿಡ್‌ವೈಫರಿ, ಅಂದ್ರೆ ಹೆರಿಗೆ ಶುಶ್ರೂಷೆ ಕಲಿಸಿದ ಟ್ಯೂಟರ್ ಮೇಡಂ ತೀರಿಕೊಂಡ ಸುದ್ದಿ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ಎಲ್ಲರೂ ಕೈಮುಗಿದರು. ಒಬ್ಬಳು ಮಾತ್ರ ‘ಗೊನೋರಿಯಾ ಚೀಟಿ ನೆನಪಿದೆಯೇನ್ರೇ?’ ಎಂದು ಕೇಳಿದಳು. ಅಳುತ್ತಿದ್ದವರೂ ನಕ್ಕೆವು. ಪುಸ್ತಕದ ಅರ್ಧಕ್ಕರ್ಧ ಪಾಠ ಮರೆತಿದೆ, ಅದು ಮಾತ್ರ ಮರೆತಿಲ್ಲ.

ಆಗ ನಾವು ಸೀನಿಯರ್ಸ್. ಹಾಸ್ಟೆಲಿನಲ್ಲಿ ಬೆಳಗಿನ ಡ್ಯೂಟಿ ಹೊತ್ತಿಗೆ ಟಾಯ್ಲೆಟ್ ಮುಂದೆ ಉದ್ದ ಸಾಲು. ಒಂದು ರಾತ್ರಿ ಕೊನೆಯ ಬಾಗಿಲಿಗೆ ‘ಗೊನೋರಿಯಾ ಇದೆ, ಬಳಸಬೇಡಿ’ ಎಂದು ಚೀಟಿ ಅಂಟಿಸಿದೆವು. ಗೊನೋರಿಯಾ ಅಂದ್ರೆ ಲೈಂಗಿಕ ಸಂಪರ್ಕದಿಂದ ಹರಡುವ ರೋಗ. ಬರೆದವಳು ನಾನೇ, ಬ್ಯಾಚಿನಲ್ಲಿ ನನ್ನ ಅಕ್ಷರವೇ ದುಂಡಗಿದ್ದದ್ದು. ಜೂನಿಯರ್ಸ್ ಅತ್ತ ತಲೆ ಹಾಕಲಿಲ್ಲ. ತಮಾಷೆ ಅಂದ್ರೆ, ಅಂಟಿಸಿದವರಲ್ಲೂ ಕೆಲವರು ಸೀಟಿನಿಂದ ರೋಗ ಬರುತ್ತದೆ ಎಂದೇ ನಂಬಿದ್ದರು.

ಸುದ್ದಿ ತಿಳಿದು ಮೇಡಂ ಬಂದರು. ಚೀಟಿ ಓದಿ, ಕನ್ನಡಕ ತೆಗೆದು ನನ್ನ ಕೈಗಿಟ್ಟು, ಅದೇ ಟಾಯ್ಲೆಟ್‌ಗೆ ಹೋಗಿ ಬಂದರು. ಕೈ ತೊಳೆದುಕೊಂಡು ಕಾರಿಡಾರಿನಲ್ಲೇ ಕ್ಲಾಸು ಶುರು. ‘ಆ ಕ್ರಿಮಿ ಮೈಯಿಂದ ಹೊರಗೆ ಬಂದು ಒಣಗಿದರೆ ಬದುಕೋದಿಲ್ಲ. ಸೀಟಿನ ಮೇಲೆ ನಿಮಗೋಸ್ಕರ ಕಾಯ್ತಾ ಕೂತಿರೋದಿಲ್ಲ. ಇನ್ನೇನೇನು ನಂಬಿದ್ದೀರಿ, ಬಾಯಿ ಬಿಡಿ.’

ಬಾಯಿ ಬಿಟ್ಟೆವು. ತೊಂದರೆ ಇಲ್ಲದಿದ್ದರೆ ರೋಗವೂ ಇಲ್ಲ ಎಂದಳು ಒಬ್ಬಳು. ಕ್ಲಮಿಡಿಯಾ ಎಂಬ ಲೈಂಗಿಕ ಸೋಂಕು ತಗುಲಿದ ಹೆಂಗಸರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಆಗೋದಿಲ್ಲ ಎಂದರು ಮೇಡಂ. ಗರ್ಭನಿರೋಧಕ ಮಾತ್ರೆ ಬಸಿರು ತಡೆಯುತ್ತದೆ, ಸೋಂಕನ್ನಲ್ಲ. ಬಿಳಿಸೆರಗೆಲ್ಲ ಲೈಂಗಿಕ ರೋಗವಲ್ಲ. ಹೆಂಡತಿಗಷ್ಟೇ ಔಷಧಿ ಕೊಟ್ಟು ಗಂಡನನ್ನು ಬಿಟ್ಟರೆ ಸೋಂಕು ಮತ್ತೆ ಬರುತ್ತದೆ.

‘ಮದುವೆಯಾಗಿ ಮರ್ಯಾದೆಯಿಂದ ಇರುವವರಿಗೆ ಸಿಫಿಲಿಸ್ ಬರೋದಿಲ್ಲ’ ಎಂದು ಇನ್ನೊಬ್ಬಳು ಅಂದಾಗ ಮಾತ್ರ ಮೇಡಂ ಮುಖ ಕೆಂಪಾಯಿತು. ಸಿಫಿಲಿಸ್ ಕೂಡ ಲೈಂಗಿಕ ರೋಗವೇ, ಅದರ ಮೊದಲ ಹುಣ್ಣು ನೋಯೋದಿಲ್ಲ. ಒಳಗಿದ್ದರೆ ಕಾಣೋದೂ ಇಲ್ಲ. 3ರಿಂದ 6 ವಾರದಲ್ಲಿ ತಾನಾಗೇ ಮಾಯುತ್ತದೆ, ರೋಗ ಮಾತ್ರ ಮೈಯಲ್ಲೇ ಉಳಿಯುತ್ತದೆ. ಬಸುರಿಗೆ ಚಿಕಿತ್ಸೆ ಸಿಗದಿದ್ದರೆ ಮಗು ಹೊಟ್ಟೆಯಲ್ಲೇ ಸಾಯಬಹುದು. ಬೇಗ ಪತ್ತೆಯಾದರೆ ಪೆನಿಸಿಲಿನ್ ಇಂಜೆಕ್ಷನ್ನಿನಿಂದ ತಾಯಿ, ಮಗು ಇಬ್ಬರನ್ನೂ ಕಾಪಾಡಬಹುದು. ‘ಮುಖ ನೋಡಿ ವಿಡಿಆರ್‌ಎಲ್, ಅಂದ್ರೆ ಸಿಫಿಲಿಸ್ ರಕ್ತಪರೀಕ್ಷೆ, ಮಾಡಿಸಬೇಡಿ. ಬಸುರಿ ಅಂದ ಮೇಲೆ ಎಲ್ಲರಿಗೂ ಮಾಡಿಸಿ’ ಎಂದರು. ಅವತ್ತಿನಿಂದ ನನ್ನ ವಾರ್ಡಿನ ರಿಜಿಸ್ಟರಿನಲ್ಲಿ ಆ ಕಾಲಂ ಖಾಲಿ ಬಿಟ್ಟಿಲ್ಲ. ಹೊಗಳಿಕೊಂಡೆ ಅನ್ನಿ, ಪರವಾಗಿಲ್ಲ.

ಈಗಿನ ಮಕ್ಕಳಿಗೆ ಬಣ್ಣಬಣ್ಣದ ಸ್ಲೈಡು, ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆ. ಮಾರ್ಕ್ಸೂ ಜಾಸ್ತಿ. ಆದರೆ ಮೊನ್ನೆ ಒಬ್ಬ ಹುಡುಗಿ ಎಚ್‌ಐವಿ ಇರುವ ಬಸುರಿಯ ಬಿಪಿ ನೋಡಲು ಎರಡು ಜೊತೆ ಗ್ಲೌಸ್ ಹಾಕಿಕೊಂಡು ಬಂದಳು. ‘ಮಗುಗೂ ಬಂದೇ ಬರುತ್ತೆ, ಪಾಪ’ ಎಂದಳು ಬೇರೆ. ಚಿಕಿತ್ಸೆಯೇ ಇಲ್ಲದಿದ್ದರೂ ಮಗುವಿಗೆ ತಗುಲುವುದು 100ರಲ್ಲಿ 15ರಿಂದ 45 ಸಲ. ತಾಯಿ ಸರಿಯಾಗಿ ಮಾತ್ರೆ ನುಂಗಿದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಗ್ಲೌಸ್ ತೆಗೆಸಿದೆ. ಉಳಿದವರನ್ನೂ ಕರೆದು ಅಲ್ಲೇ ಕಾರಿಡಾರಿನಲ್ಲಿ ಕ್ಲಾಸು ತಗೊಂಡೆ. ತುಂಬಾ ಚೆನ್ನಾಗಿ ಹೇಳಿದ್ರಿ ಮೇಡಂ ಅಂದರು. ಡ್ಯೂಟಿ ಮುಗಿದು ಊಟಕ್ಕೆ ಹೊರಟಿದ್ದವರು ಇನ್ನೇನು ಹೇಳ್ತಾರೆ, ಅಲ್ವಾ?